ಬಾಲಂಗೋಚಿ

ದುರ್ಗಿಗುಡಿಯ ಸೈಕಲ್ ಶಾಪಿನ ಮಹಡಿ ಮೇಲೆ
ಮಂಗಳವಾರ, ಶುಕ್ರವಾರ, ಸಂಜೆ ಏಳಕ್ಕೆ ನಮ್ಮ ಇಂಗ್ಲಿಷ್ ಕ್ಲಾಸು.
ಕೆಳಗೆ ಟ್ಯೂಬನ್ನು ನೀರಲ್ಲದ್ದಿ
ಗುಳ್ಳೆ ಹುಡುಕುತ್ತಿರುತ್ತಾನೆ ಮುನೀರ್.
ಮೇಲೆ ನಾನು, ಹಲಗೆಯ ಮುಂದೆ,
ವಾಕ್ಯ ಎಲ್ಲಿ ಸೋರುತ್ತಿದೆ ಅಂತ.

ಇವತ್ತಿನದು ಬಾಲಂಗೋಚಿಯ ಪಾಠ.
ಗಾಳಿಪಟಕ್ಕೆ ಕಟ್ಟಿದ ಹಾಗೆ
ವಾಕ್ಯದ ತುದಿಗೆ ಕಟ್ಟುವ ಪುಟ್ಟ ಪ್ರಶ್ನೆ.
ನಮ್ಮಲ್ಲಿ ಸುಲಭ, ಅಂದೆ, ಒಂದು ‘ಅಲ್ವಾ’ ಸಾಕು ಊರಿಗೆಲ್ಲ:
ಬಸ್ಸು ಹೋಯ್ತು ಅಲ್ವಾ,
ನೀವು ಶಾರದಕ್ಕನ ತಂಗಿ ಅಲ್ವಾ,
ನಾಳೆ ನಲ್ಲೀಲಿ ನೀರು ಬರಲ್ಲ ಅಲ್ವಾ.
ಸಾಗರದ ಕಡೆಯವರು ‘ಅಲ್ದಾ’ ಅಂತಾರೆ,
ಹುಬ್ಬಳ್ಳಿ ಬಸ್ಸಿಂದ ಇಳಿದವರು ‘ಹೌದಲ್ರಿ’,
ಮುನೀರನ ಮನೆಯಲ್ಲಿ ಒಂದೇ ಅಕ್ಷರ, ‘ನಾ’.
ಅದೂ ದಂಡ ಅನಿಸಿದರೆ
ಹುಬ್ಬು ಎತ್ತಿದರಾಯಿತು.

ಇಂಗ್ಲಿಷು ಮಾತ್ರ ಲೆಕ್ಕ ಕೇಳುತ್ತದೆ.
ಇದೆ ಅಂದವರು ಹಿಂದೆ ಇಲ್ಲವಾ ಕಟ್ಟಬೇಕು,
ಇಲ್ಲ ಅಂದವರು ಇದೆಯಾ.
ಯಾರು, ಯಾವಾಗ, ಗಂಡೋ ಹೆಣ್ಣೋ ದನವೋ,
ಎಲ್ಲಕ್ಕೂ ರಸೀದಿ.
ಶೀ ಈಸ್ ಅಂದರೆ ಈಸಂಟ್ ಶೀ,
ದೇ ವೆಂಟ್ ಅಂದರೆ ಡಿಡಂಟ್ ದೇ.
ವೆಂಟ್‌ನ ಹೊಟ್ಟೆಯಲ್ಲಿ ಡಿಡ್ ಅಡಗಿ ಕೂತಿತ್ತು ಅಂತ ತಿಳಿದಾಗ
ಮೊಬೈಲ್ ಅಂಗಡಿ ಯೋಗೀಶ
ಕಳ್ಳನನ್ನು ಹಿಡಿದವನಂತೆ ಬೆಂಚು ಬಡಿದ.

ಐ ಆಮ್ ಲೇಟ್. ಕಟ್ಟಿ ನೋಡೋಣ, ಅಂದೆ.
‘ಆಮಂಟ್ ಐ!’ ಎಲ್ಲರೂ ಒಟ್ಟಿಗೆ.
ಅಲ್ಲ. ಆರಂಟ್ ಐ.
ಗದ್ದಲವೋ ಗದ್ದಲ, ಇದು ಮೋಸ ಮೇಡಂ!
ಹೌದು. ‘ನಾನು’ ಅನ್ನುವವರಿಗೆ ಸ್ವಂತ ಬಾಲವಿಲ್ಲ,
ಪಕ್ಕದ ಮನೆಯ ‘ನೀವು’ ಹತ್ತಿರ ಕಡ ತರಬೇಕು.
ಇಪ್ಪತ್ತಾರು ವರ್ಷದಿಂದ ಕಲಿಸ್ತಿದೀನಿ,
ಯಾಕೆ ಅಂತ ನನಗೂ ಗೊತ್ತಿಲ್ಲ.

ಇನ್ನು ದನಿ. ಕೊನೆಯಲ್ಲಿ ಏರಿದರೆ
ಗೊತ್ತಿಲ್ಲದೆ ಕೇಳುವುದು.
ಇಳಿದರೆ, ಗೊತ್ತಿದ್ದೂ.

ಹಿಂದಿನ ಬೆಂಚಿನ ಹಾಲಮ್ಮ ಮೊದಲ ಸಲ ಬಾಯಿ ಬಿಟ್ಟಳು.
ಮೆಗ್ಗಾನ್ ಆಸ್ಪತ್ರೆಯಲ್ಲಿ ಆಯಾ, ರಾತ್ರಿ ಪಾಳಿ,
ಯೂನಿಫಾರಂ ಮೇಲೊಂದು ನೀಲಿ ಸ್ವೆಟರು.
‘ನಮ್ಮಲ್ಲೂ ಹಂಗೇ ಮೇಡಂ.
ಐಸಿಯು ಬಾಗಿಲಲ್ಲಿ ಕೇಳ್ತಾರಲ್ಲ, ಉಳೀತಾರೆ ಅಲ್ವಾ ಅಂತ,
ಮೊದಲ ದಿನ ಏರಿರುತ್ತೆ,
ಮೂರನೇ ದಿನಕ್ಕೆ ಇಳಿದಿರುತ್ತೆ.’

ಬೇಗ ಮುಂದಿನ ರೂಲಿಗೆ ಹೋದೆ.
ನೋಬಡಿ ಬಂದಾಗ ಬಾಲಕ್ಕೆ ದೇ.
ನೋಬಡಿ ಕೇಮ್, ಡಿಡ್ ದೇ?

‘ಯಾರೂ ಬರಲಿಲ್ಲ ಅಂದಮೇಲೆ
ಆ ಅವರು ಯಾರು ಮೇಡಂ?’
ರೂಲದು, ಬರ್ಕೋ, ಅಂದೆ.
ಬರೆದುಕೊಂಡಳು. ಪೆನ್ನಿನ ಮುಚ್ಚಳ ಹಾಕಿ, ತೆಗೆದು,
ಮತ್ತೆ ಹಾಕಿದಳು.

‘ಹದಿನಾಲ್ಕನೇ ಬೆಡ್ಡು. ಬಸ್ ಸ್ಟ್ಯಾಂಡಲ್ಲಿ ಬಿದ್ದಿದ್ದರಂತೆ,
ಕೇಸ್ ಶೀಟಲ್ಲಿ ಹೆಸರಿನ ಜಾಗಕ್ಕೆ ಅಪರಿಚಿತ.
ಹನ್ನೊಂದನೇ ದಿನ ರೌಂಡ್ಸಲ್ಲಿ ಡಾಕ್ಟ್ರು ಇದನ್ನೇ ಅಂದಿದ್ದು.
ನೋಬಡಿ ಕೇಮ್ ಅನ್ನೋದು ಸರಿಯಾಗಿ ಕಿವಿಗೆ ಬೀಳಲಿಲ್ಲ,
ಕೊನೇಲಿ ದೇ ಕೇಳಿಸ್ತು. ದೇ ಅಂದ್ರೆ ಅವರು, ಅಷ್ಟು ಗೊತ್ತಿತ್ತು.
ಯಾರೋ ಬಂದಿದಾರೆ ಅನ್ಕೊಂಡೆ.
ಗಡ್ಡ ಒರೆಸಿ, ತಲೆ ಬಾಚಿ, ಶೀಟು ಬದಲಾಯಿಸಿ,
ನಿಮ್ಮೋರು ಬಂದಿದಾರೆ ಅಂತ ಹೇಳಿಬಿಟ್ಟೆ.
ಪಾಪ, ಮುಖ ಬಾಗಿಲ ಕಡೆ ತಿರುಗಿಸ್ಕೊಂಡ್ರು.’

ಕೆಳಗೆ ಗುಳ್ಳೆ ಸಿಕ್ಕಿರಬೇಕು,
ಟ್ಯೂಬನ್ನು ಉಜ್ಜುವ ಗರಗರ ಸದ್ದು.
‘ಈಗ?’ ಅಂದ ಯೋಗೀಶ.
‘ಈಗ ಆ ಬೆಡ್ಡಲ್ಲಿ ಭದ್ರಾವತಿಯವರಿದಾರೆ. ಸಕ್ಕರೆ ಕಾಯಿಲೆ.’

ಎಂಟು ಗಂಟೆಗೆ ಅವಳ ಪಾಳಿ. ಟಿಫಿನ್ ಡಬ್ಬಿ ಎತ್ತಿಕೊಂಡು
ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿದಳು,
‘ಶುಕ್ರವಾರ ಕ್ಲಾಸಿದೆ ಅಲ್ವಾ ಮೇಡಂ?’

ದನಿ ಏರಿತ್ತೋ ಇಳಿದಿತ್ತೋ,
ಗಮನಿಸದೆ ಹೇಳಿಬಿಟ್ಟೆ,
ಇದೆ.